ದೀಪಕ್ಕೆ ಮೆತ್ತಿದ ಕುಂಕುಮ

ಟೊಮೆಟೊ ಸಾಗಿಸುವ ಒಂದು ಪಿಕಪ್ ಗಾಡಿಯಲ್ಲಿ, ಗಾಲಿ ಕಚ್ಚಿಕೊಂಡು ಜಾರದಂತೆ ಕಾಯುವ ಎಬಿಎಸ್ ಬ್ರೇಕು ಕೆಟ್ಟರೆ ಎಚ್ಚರಿಸುವ ಪುಟ್ಟ ಹಳದಿ ದೀಪವಿತ್ತು. ಅದು ವಾರದಿಂದ ಆರದೆ ಉರಿಯುತ್ತಿತ್ತು. ಡ್ರೈವರ್ ಸಿದ್ಲಿಂಗುವಿಗೆ ಅದರದ್ದೇ ಕಿರಿಕಿರಿ. ಆಯುಧಪೂಜೆಯ ದಿನ ಅದರ ಮೇಲೆಯೇ ದಪ್ಪಗೆ ಕುಂಕುಮ ಮೆತ್ತಿ ಕೈಮುಗಿದ.

"ನೋಡಿದೆಯಾ, ನನಗೆ ಪೂಜೆ!" ಎಂದು ದೀಪ ಬೀಗಿತು.

"ಅಯ್ಯೋ ಮರುಳೇ, ಅದು ನಿನ್ನ ಬಾಯಿ ಮುಚ್ಚಿಸುವ ಉಪಾಯ," ಎಂದಿತು ಹಾರ್ನು.

ಮರುದಿನ ಮಳೆಯಲ್ಲಿ, ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಬ್ರೇಕು ಒತ್ತಿದ್ದೇ ಗಾಲಿಗಳು ಕಚ್ಚಿಕೊಂಡು ಗಾಡಿ ಸರ್ರನೆ ಜಾರಿತು. ಎಮ್ಮೆಗೆ ಗೇಣು ದೂರದಲ್ಲಿ ನಿಂತಿತು. ಸಿದ್ಲಿಂಗು ನೇರವಾಗಿ ಮಸ್ತಾನ್ ಸಾಬರ ಗ್ಯಾರೇಜಿಗೆ ಬಂದ.

ಸಾಬರು ಮೊದಲು ಕುಂಕುಮ ಒರೆಸಿದರು. "ಏನಪ್ಪಾ ನಿನ್ನ ದೂರು?" ಎಂದು ದೀಪವನ್ನೇ ಕೇಳಿದರು.

"ಹಿಂದಿನ ಎಡಗಾಲಿಯಿಂದ ಸುದ್ದಿಯೇ ಬರುತ್ತಿಲ್ಲ, ಸಾಬರೇ."

ಸಾಬರು ಆ ಗಾಲಿಯ ವೇಗ ತಿಳಿಸುವ ಸೆನ್ಸರಿಗೆ ಮೆತ್ತಿದ್ದ ಕೆಸರನ್ನೂ ಕಬ್ಬಿಣದ ಪುಡಿಯನ್ನೂ ಒರೆಸಿ ತೆಗೆದರು. ಗಾಡಿ ಒಂದು ಸುತ್ತು ಓಡಿದ್ದೇ ದೀಪ ಆರಿತು.

"ಪೂಜೆಯೂ ಹೋಯಿತು, ಬೆಳಕೂ ಹೋಯಿತು!" ಎಂದು ಹಾರ್ನು ಹಂಗಿಸಿತು.

"ಕೇಳಿಸಿಕೊಂಡರಲ್ಲ, ಇನ್ನು ಕೂಗುವುದೇಕೆ?" ಎಂದ ದೀಪ ಹಾಯಾಗಿ ಕಣ್ಣು ಮುಚ್ಚಿತು.