ಮದ್ದಿನ ಮನೆಯ ಬೀಗದ ಕೈ

"ಬುದ್ಧೀ, ಪ್ರಜೆಯ ಕೈಯಲ್ಲಿ ಆಯುಧ ಇರುವುದು ತಪ್ಪೇ?" ಎಂದು ಪರ್ವತಯ್ಯ ಕೇಳಿದ.

ಪರ್ವತಯ್ಯ ಮಠದ ಹೊಲ ನೋಡಿಕೊಳ್ಳುವ ಶಿಷ್ಯ. ಅವನ ಕೈಯಲ್ಲಿ ಒಂದು ಅರ್ಜಿ ಇತ್ತು. ಮಠದ ಹೊಲಕ್ಕೆ ಹಂದಿಗಳ ಕಾಟ ಹೆಚ್ಚಾಗಿರುವುದರಿಂದ ಒಂದು ಬಂದೂಕಿಗೆ ಪರವಾನಗಿ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಹಿರಿಯ ಸ್ವಾಮಿಗಳ ರುಜು ಒಂದು ಆಗಬೇಕಿತ್ತು. ಹಂದಿಗಳ ಕಾಟ ಇದ್ದದ್ದು ನಿಜ. ಮಳೆಗೆ ಕೊಚ್ಚಿಹೋದ ಬದುವಿನ ವಿಷಯಕ್ಕೆ ಪಕ್ಕದ ಹೊಲದ ತಿರುಕಪ್ಪನಿಗೂ ಪರ್ವತಯ್ಯನಿಗೂ ಎರಡು ತಿಂಗಳಿಂದ ಜಗಳ ನಡೆದು ಮಾತು ನಿಂತಿದ್ದದ್ದೂ ನಿಜ. ಅರ್ಜಿಯಲ್ಲಿ ಹಂದಿಗಳ ವಿಷಯ ಮಾತ್ರ ಇತ್ತು.

ಪರ್ವತಯ್ಯ ಮುಂದುವರಿಸಿದ. "ಅಮೆರಿಕದ ಹಿರಿಯರು ದೇಶ ಕಟ್ಟುವಾಗಲೇ ಅದು ಪ್ರಜೆಯ ಹಕ್ಕು ಎಂದು ಬರೆದಿಟ್ಟರಂತೆ. ಅವರೇನು ದಡ್ಡರೇ?"

"ಖಂಡಿತ ಅಲ್ಲ. ಅವರಿಗೆ ಕೈಮುಗಿಯಬೇಕು," ಎಂದರು ಸ್ವಾಮಿಗಳು. "ಕೂತುಕೋ. ಆ ನಾಡಿನದೇ ಒಂದು ಕತೆ ಹೇಳುತ್ತೇನೆ. ನಡೆದದ್ದೋ ಕಟ್ಟಿದ್ದೋ ಎಂದು ಕೇಳಬೇಡ. ಆ ಹಕ್ಕು ಕಾಗದಕ್ಕೆ ಇಳಿಯುವ ಮೊದಲಿನ ಕಾಲದ್ದು ಎಂದು ತಿಳಿದುಕೊಂಡರೆ ಸಾಕು."

ಆ ನಾಡಿನಲ್ಲಿ ಒಂದು ಹಳ್ಳಿ. ನಡುವೆ ಹೊಳೆ. ಈಚೆದಡದಲ್ಲಿ ಇಪ್ಪತ್ತು ಮನೆ, ಆಚೆದಡದಲ್ಲಿ ಇಪ್ಪತ್ತು ಮನೆ. ಅವರನ್ನು ಆಳುವ ರಾಜ ಕಡಲಾಚೆ ಇದ್ದ. ಅವನ ಸಿಪಾಯಿಗಳು ಮಾತ್ರ ಹತ್ತಿರದ ಪಟ್ಟಣದಲ್ಲೇ ಬೀಡುಬಿಟ್ಟಿದ್ದರು. ಸಂಬಳದ ಸಿಪಾಯಿ ಸಂಬಳ ಕೊಟ್ಟವನ ಮಾತು ಕೇಳುತ್ತಾನೆ, ಊರಿನ ಮಾತು ಕೇಳಬೇಕಾದರೆ ಊರಿನವರೇ ಸಿಪಾಯಿಗಳಾಗಬೇಕು ಎಂದು ಆ ಜನ ನಂಬಿದ್ದರು. ನಂಬಿಕೆ ಸುಳ್ಳೂ ಆಗಿರಲಿಲ್ಲ. ಅದಕ್ಕೆ ಮನೆಮನೆಯಲ್ಲೂ ಬಂದೂಕು. ವರ್ಷಕ್ಕೆ ಎರಡು ಸಲ ಬಯಲಿನಲ್ಲಿ ಕವಾಯತು. ಹದಿನಾರು ತುಂಬಿದ ಪ್ರತಿ ಗಂಡಸೂ ಬಂದೂಕು ಹೊತ್ತು ಬರಬೇಕು. ಊರಿನ ದಳಪತಿ ಒಂದೊಂದೇ ನಳಿಗೆಯಲ್ಲಿ ಇಣುಕಿ ನೋಡಿ, ತುಕ್ಕು ಕಂಡರೆ ಎಲ್ಲರೆದುರು ಮಾನ ಹರಾಜು ಹಾಕುತ್ತಿದ್ದ.

ಬಂದೂಕು ಮನೆಯಲ್ಲಿರುತ್ತಿತ್ತು. ಅದಕ್ಕೆ ತುಂಬುವ ಮದ್ದು ಮನೆಯಲ್ಲಿರುತ್ತಿರಲಿಲ್ಲ. ಮರದ ಮನೆಗಳು, ಒಂದು ಕಿಡಿ ಬಿದ್ದರೆ ಬೀದಿಗೆ ಬೀದಿಯೇ ಬೂದಿ. ಮೂರು ಗುಂಡಿಗಾಗುವಷ್ಟನ್ನು ಎತ್ತಿನ ಕೊಂಬಿನೊಳಗೆ ತುಂಬಿ ಮನೆಯಲ್ಲಿಟ್ಟುಕೊಂಡು, ಉಳಿದದ್ದನ್ನೆಲ್ಲ ಊರ ಹೊರಗೆ ಕಲ್ಲಿನ ಮದ್ದಿನ ಮನೆಯಲ್ಲಿಟ್ಟು ಬೀಗ ಹಾಕುತ್ತಿದ್ದರು.

ಆ ಹಳ್ಳಿಗೆ ಒಬ್ಬ ನೇಕಾರ ಹೆಂಡತಿಯೊಡನೆ ಬಂದು ನೆಲೆಸಿದ. ಮನುಷ್ಯನ ಮೇಲೆ ಆಯುಧ ಎತ್ತಬಾರದು ಎಂಬುದು ಅವನ ಮತದ ನೇಮ. ಈ ನೇಮದಿಂದಾಗಿಯೇ ಎರಡು ಊರಿನವರು ಅವನನ್ನು ಹೊರಗೆ ಹಾಕಿದ್ದರು. ಎರಡು ಸಲವೂ ಅವನ ಹೆಂಡತಿ ಮಗ್ಗ ಬಿಚ್ಚಿ, ಹಗ್ಗದಲ್ಲಿ ಕಟ್ಟಿ, ಗಾಡಿಗೆ ಹೇರಿದ್ದಳು. ಇಲ್ಲಾದರೂ ನಾಲ್ಕು ದಿನ ನೆಮ್ಮದಿಯಿಂದ ಇರೋಣ ಎಂದು ಅವಳ ಆಸೆ.

ಕವಾಯತಿನ ದಿನ ಬಂತು. ನೇಕಾರ ತಪ್ಪಿಸಿಕೊಳ್ಳಲಿಲ್ಲ. ಎಲ್ಲರ ಜೊತೆ ಸಾಲಿನಲ್ಲಿ ನಿಂತ. ಬರಿಗೈಯಲ್ಲಿ ನಿಂತ.

ದಳಪತಿಗೆ ಪಿತ್ತ ನೆತ್ತಿಗೇರಿತು. "ನಾವು ಗುಂಡಿಗೆ ಎದೆ ಕೊಡಬೇಕು, ನೀನು ನಮ್ಮ ಬೆನ್ನ ಹಿಂದೆ ಬೆಚ್ಚಗೆ ಕೂತು ಬಟ್ಟೆ ನೇಯುತ್ತೀಯೋ?"

ನೇಕಾರ ತಲೆ ತಗ್ಗಿಸಿದ. ಪ್ರಶ್ನೆ ನ್ಯಾಯದ್ದು ಎಂದೇ ಅವನಿಗೂ ಅನ್ನಿಸಿತು. ದೂರದಲ್ಲಿ ನಿಂತಿದ್ದ ಹೆಂಡತಿ ಮುಂದಿನದನ್ನು ಕೇಳಲು ಕಾಯದೆ ಮನೆಗೆ ಹೋಗಿ ಮಗ್ಗ ಬಿಚ್ಚತೊಡಗಿದಳು.

ಆಗ ಊರಿನ ಸೂಲಗಿತ್ತಿ ಮುಂದೆ ಬಂದಳು. ಎರಡೂ ದಡದ ಮಕ್ಕಳನ್ನೆಲ್ಲ ಭೂಮಿಗೆ ಇಳಿಸಿಕೊಂಡವಳು ಅವಳೇ. ಹಾಗಾಗಿ ಯಾರ ಮೀಸೆಗೂ ಹೆದರುತ್ತಿರಲಿಲ್ಲ.

"ಮದ್ದಿನ ಮನೆಯ ಬೀಗದ ಕೈ ನಿನ್ನ ಹತ್ತಿರ ಇದೆಯಲ್ಲಪ್ಪ," ಎಂದು ದಳಪತಿಯನ್ನು ಕೇಳಿದಳು. "ಹೋದ ವರ್ಷ ನಿನ್ನ ತಮ್ಮನ ಮದುವೆಯಲ್ಲಿ ಒಂದು ಪೀಪಾಯಿ ಮದ್ದು ಢಂ ಢಂ ಅಂತ ಆಕಾಶಕ್ಕೆ ಹೋಯಿತು. ಅದು ಊರಿನ ಮದ್ದು. ಇವನನ್ನು ಓಡಿಸಬೇಡ. ಮದ್ದೇ ಬೇಡ ಅನ್ನುವವನು ಊರಿನಲ್ಲಿ ಇವನೊಬ್ಬನೇ. ಬೀಗದ ಕೈ ಇವನಿಗೆ ಕೊಡು."

ಜನ ನಕ್ಕರು. ದಳಪತಿಯೂ ನಗಬೇಕಾಯಿತು. ಬೀಗದ ಕೈ ನೇಕಾರನ ಕೈಗೆ ಬಂತು. ಅವನು ಒಂದೇ ಒಂದು ಮಾತು ಕೇಳಿಕೊಂಡ. "ಎರಡೂ ದಡದವರು ಒಟ್ಟಿಗೆ ಬಂದು ಕೇಳಿದರೆ ತೆರೆಯುತ್ತೇನೆ. ಒಂದೇ ದಡದವರು ಬಂದರೆ ತೆರೆಯುವುದಿಲ್ಲ." ಆ ದಿನ ದಡಗಳ ನಡುವೆ ಜಗಳ ಇರಲಿಲ್ಲ. ಆದ್ದರಿಂದ ಎಲ್ಲರೂ ಸುಲಭವಾಗಿ ಒಪ್ಪಿದರು.

ಹೆಂಡತಿ ಮಗ್ಗವನ್ನು ಮತ್ತೆ ಜೋಡಿಸಿದಳು. ಆದರೆ ಗಾಡಿಗೆ ಹೇರುವ ಹಗ್ಗವನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದಳು. ಯಾವಾಗ ಬೇಕಾಗುತ್ತದೋ ಎಂದು.

ಒಂದು ವರ್ಷ ಹಿಮ ಕರಗಿ ಹೊಳೆಗೆ ನೆರೆ ಬಂತು. ನೆರೆ ಇಳಿದಾಗ ಹೊಳೆ ದಾರಿ ಬದಲಿಸಿತ್ತು. ಈಚೆದಡದವರ ಹುಲ್ಲುಗಾವಲು ಒಂದು ಆಚೆದಡಕ್ಕೆ ಸೇರಿಹೋಗಿತ್ತು. ಹೊಳೆ ಕೊಟ್ಟದ್ದು ನಮ್ಮದು ಎಂದರು ಆಚೆದಡದವರು. ಅಜ್ಜ ಕೊಟ್ಟದ್ದು ನಮ್ಮದು ಎಂದರು ಈಚೆದಡದವರು. ಮಾತಿಗೆ ಮಾತು ಬೆಳೆಯಿತು. ಒಂದು ಮಧ್ಯಾಹ್ನ ಈಚೆದಡದ ಹತ್ತು ಜನ ಬಂದೂಕು ಹೊತ್ತು ನೇಕಾರನ ಮನೆಗೆ ಬಂದರು. ಮುಂದೆ ದಳಪತಿಯ ತಮ್ಮನಿದ್ದ.

"ಮದ್ದು ಬೇಕು. ಬೀಗದ ಕೈ ಕೊಡು."

"ಆಚೆದಡದವರನ್ನೂ ಕರೆದುಕೊಂಡು ಬನ್ನಿ. ಈ ಕ್ಷಣವೇ ತೆರೆಯುತ್ತೇನೆ," ಎಂದ ನೇಕಾರ.

ದಳಪತಿಯ ತಮ್ಮ ಬಂದೂಕಿನ ನಳಿಗೆಯನ್ನು ಅವನ ಎದೆಗೆ ಒತ್ತಿದ. ನೇಕಾರ ಒಂದು ಹೆಜ್ಜೆ ಹಿಂದೆ ಸರಿದ. ಅವನೇನೂ ಶೂರನಲ್ಲ. ಹೆಂಡತಿ ಗೂಟದ ಹಗ್ಗದ ಕಡೆಗೊಮ್ಮೆ ನೋಡಿ, ನೋಟ ತಿರುಗಿಸಿ, ಬಂದು ಅವನ ಪಕ್ಕದಲ್ಲಿ ನಿಂತಳು. ಅದರಿಂದ ಅವನಿಗೆ ಧೈರ್ಯ ಬಂತು. "ಸುಡುವುದಾದರೆ ಸುಡಪ್ಪ. ಆದರೆ ನಿನ್ನ ಹತ್ತಿರ ಇರುವುದೇ ಮೂರು ಗುಂಡಿನ ಮದ್ದು. ಅದರಲ್ಲಿ ಒಂದನ್ನು ನನ್ನ ಮೇಲೆ ಹಾಳು ಮಾಡುತ್ತೀಯಾ?"

ಹಿಂದೆ ನಿಂತಿದ್ದವರಲ್ಲಿ ಒಬ್ಬನಿಗೆ ನಗು ತಡೆಯಲಾಗಲಿಲ್ಲ. ಒಬ್ಬ ನಕ್ಕ ಮೇಲೆ ಇನ್ನೊಬ್ಬ ನಕ್ಕ. ನಗುವವರ ಮುಂದೆ ನಿಂತು ಕೊಲ್ಲುವುದು ಕಷ್ಟ. ದಳಪತಿಯ ತಮ್ಮ ನಳಿಗೆ ಇಳಿಸಿದ. ಸಂಜೆ ಆಚೆದಡದವರೂ ಬಂದು ಅದೇ ಉತ್ತರ ಕೇಳಿಕೊಂಡು ಹೋದರು. ಮದ್ದು ಸಿಗದ ಮೇಲೆ ಬಾಯಲ್ಲೇ ಬಡಿದಾಡಿದರು. ಬಾಯಿ ಸೋತಾಗ ಒಂದು ವರ್ಷ ಇವರು, ಒಂದು ವರ್ಷ ಅವರು ಹುಲ್ಲು ಕೊಯ್ಯುವುದು ಎಂದು ಒಪ್ಪಿಕೊಂಡರು. ಯಾರಿಗೂ ಪೂರ್ತಿ ಸಮಾಧಾನವಾಗಲಿಲ್ಲ. ಆದರೆ ಯಾರ ಮನೆಯಲ್ಲೂ ಹೆಣ ಬೀಳಲಿಲ್ಲ.

ಊರು ಒಡೆದಿದೆ ಎಂಬ ಸುದ್ದಿ ಪಟ್ಟಣಕ್ಕೆ ಹೋಯಿತು. ರಾಜಿಯಾದ ಸುದ್ದಿ ಹೋಗಲಿಲ್ಲ. ಹಳ್ಳಿಗಳ ಮದ್ದನ್ನೆಲ್ಲ ಕಿತ್ತುಕೊಂಡು ಬನ್ನಿ ಎಂದು ರಾಜನ ಅಧಿಕಾರಿಗೆ ಅಪ್ಪಣೆಯಾಗಿತ್ತು. ಇದೇ ಸಮಯ ಎಂದು ಅವನು ಹೊರಟ.

ಅವನು ಬರುವ ವಿಷಯ ತಿಳಿದು ಎರಡೂ ದಡದವರು ಓಡಿಬಂದು ನೇಕಾರನ ಬಾಗಿಲಲ್ಲಿ ನಿಂತರು. ಈ ಸಲ ಒಟ್ಟಿಗೆ ಬಂದಿದ್ದರು. ನೇಕಾರ ಬೀಗದ ಕೈ ತೆಗೆದುಕೊಂಡ. ತಾನು ತೆರೆದ ಬಾಗಿಲಿನಿಂದ ಹೊರಟ ಮದ್ದು ಯಾವ ತಾಯಿಯ ಮಗನನ್ನು ತೆಗೆಯುತ್ತದೋ. ಬೀಗದ ಕೈಯನ್ನು ಹೊಳೆಗೆ ಎಸೆದುಬಿಡಲೇ ಎಂದುಕೊಂಡ. ಆದರೆ ಮದ್ದು ಅವನದಲ್ಲ, ಊರಿನದು. ತನ್ನ ನೇಮವನ್ನು ಊರು ಉಳಿಸಿಕೊಟ್ಟಿತ್ತು. ಊರಿನ ಹಕ್ಕನ್ನು ತಾನು ಕಸಿಯುವುದು ಹೇಗೆ? ಅವನು ಮದ್ದಿನ ಮನೆಯ ಬಾಗಿಲು ತೆರೆದ. ಆಮೇಲೆ ತಾನೂ ಹೋಗಿ, ಬಂದೂಕು ತುಂಬಿಕೊಂಡು ನಿಂತವರ ಸಾಲಿನ ನಡುವೆ, ಎರಡೂ ದಡದವರು ಕೂಡುವ ಜಾಗದಲ್ಲಿ, ಬರಿಗೈಯಲ್ಲಿ ನಿಂತ.

ಅಧಿಕಾರಿ ಮೂವತ್ತು ಸಿಪಾಯಿಗಳೊಡನೆ ಬಂದ. "ಬೀಗದ ಕೈ ಯಾರ ಹತ್ತಿರ ಇದೆ?" ಎಂದು ಕೇಳಿದ.

"ನನ್ನ ಹತ್ತಿರ, ಸ್ವಾಮಿ," ಎಂದ ನೇಕಾರ. "ಊರಿನವರೆಲ್ಲ ಸೇರಿ ಕೇಳಿದರೆ ಕೊಡುತ್ತೇನೆ. ತಾವು ಊರಿನವರಲ್ಲ."

ಅಧಿಕಾರಿ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಒಡೆದ ಊರು ಎಂದು ನಂಬಿ ಅವನು ಅರ್ಧ ಊರಿಗಾಗುವಷ್ಟು ಸಿಪಾಯಿಗಳನ್ನು ಮಾತ್ರ ತಂದಿದ್ದ. ಬಂದ ದಾರಿಗೆ ಕುದುರೆ ತಿರುಗಿಸಿದ. ಒಂದು ಗುಂಡೂ ಹಾರಲಿಲ್ಲ.

ಮದ್ದು ಕಲ್ಲಿನ ಮನೆಗೆ ವಾಪಸು ಹೋಯಿತು. ನೇಕಾರ ಬೀಗ ಹಾಕಿದ. ದಳಪತಿ ಎಲ್ಲರೆದುರು ತಲೆಯ ಮೇಲಿನ ಟೋಪಿ ತೆಗೆದು, "ನೀನು ಅವತ್ತು ತೆರೆದಿದ್ದರೆ ಇವತ್ತು ನಾವು ಅರ್ಧ ಜನ ಇರುತ್ತಿದ್ದೆವು. ನಿನ್ನ ಉಪಕಾರ ಮರೆಯುವುದಿಲ್ಲ," ಎಂದ.

ನೇಕಾರನ ಕಣ್ಣು ತುಂಬಿತು. "ಉಪಕಾರ ನಿಮ್ಮದು. ಬಂದೂಕು ಹಿಡಿಯದವನನ್ನೂ ನಿಮ್ಮವನು ಅಂದಿರಿ," ಎಂದ. ಆ ಸಂಜೆ ಅವನ ಹೆಂಡತಿ ಗೂಟದ ಹಗ್ಗ ತೆಗೆದು, ದನ ಕಟ್ಟಲು ಇರಲಿ ಎಂದು ಸೂಲಗಿತ್ತಿಗೆ ಕೊಟ್ಟುಬಂದಳು.

ಸ್ವಾಮಿಗಳು ಕತೆ ನಿಲ್ಲಿಸಿ ನೀರು ಕುಡಿದರು. "ಮುಂದೆ ಆ ನಾಡು ಸ್ವತಂತ್ರವಾಯಿತು. ಹಿರಿಯರು ಹಕ್ಕುಗಳನ್ನು ಬರೆಯಲು ಕೂತರು. ಆಯುಧ ಹಿಡಿಯುವುದು ಪ್ರಜೆಯ ಹಕ್ಕು ಎಂದು ಬರೆದರು. ಧರ್ಮಕ್ಕೆ ಅಂಜಿ ಹಿಡಿಯಲಾರದವನನ್ನು ಬಲವಂತ ಮಾಡಬಾರದು ಎಂಬ ಮಾತೂ ಕರಡಿನಲ್ಲಿತ್ತು. ಮೊದಲನೆಯದು ಉಳಿಯಿತು. ಎರಡನೆಯದು ಚರ್ಚೆಯಲ್ಲಿ ಬಿದ್ದುಹೋಯಿತು. ಎರಡನ್ನೂ ಒಟ್ಟಿಗೆ ಯೋಚಿಸಿದವರಿದ್ದರಲ್ಲ, ಅಷ್ಟಕ್ಕೇ ನಾನು ಋಣಿ."

ಪರ್ವತಯ್ಯ ಕೈಯಲ್ಲಿದ್ದ ಅರ್ಜಿಯನ್ನು ಮಡಿಚಿದ. "ಹಾಗಾದರೆ ತಾವು ರುಜು ಹಾಕುವುದಿಲ್ಲ, ಬುದ್ಧೀ," ಎಂದ.

"ಯಾಕೆ ಹಾಕಬಾರದು? ಹಂದಿಗಳ ಕಾಟ ಇದೆ ಅಂತ ನೀನೇ ಬರೆದಿದ್ದೀಯಲ್ಲ, ತಾ ಇಲ್ಲಿ." ಸ್ವಾಮಿಗಳು ಅರ್ಜಿ ಬಿಡಿಸಿ, ಓದಿ, ಕೆಳಗೆ ರುಜು ಹಾಕಿದರು. ಪರ್ವತಯ್ಯನ ಮುಖ ಅರಳಿತು. ಅವನು ಸಂತೋಷದಿಂದ ಬಗ್ಗಿ ಅವರ ಪಾದ ಮುಟ್ಟಿದ.

ಅವನು ಏಳುವ ಮೊದಲೇ ಸ್ವಾಮಿಗಳು ಹೇಳಿದರು. "ಬಂದೂಕು ಮಠದಲ್ಲಿರಲಿ ಪರ್ವತಯ್ಯ, ಗುಂಡಿನ ಪೆಟ್ಟಿಗೆಯ ಬೀಗದ ಕೈ ತಿರುಕಪ್ಪನ ಹತ್ತಿರ ಇರಲಿ."