ಎಂಬತ್ತರ ವೇಗದಲ್ಲಿ ನಡುಕ

“ಗುರುಗಳೇ, ನನ್ನ ಅಂಜಿಕೆ ಜೊತೆಯವರಿಗೆ ತಾಗಬಾರದೆಂದು ಒಳಗೇ ಅದುಮಿಟ್ಟುಕೊಂಡಿದ್ದೇನೆ. ಇದು ಒಳ್ಳೆಯದಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖ ನೋಡಿದರು. ಕೂತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹೆಸರು ಚನ್ನವೀರಪ್ಪ. ಅವನ ಹೆಂಡತಿ ನೀಲಮ್ಮನಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಲೇಬೇಕು. ಆಸ್ಪತ್ರೆ ಇದ್ದದ್ದು ಹೆದ್ದಾರಿಯಲ್ಲಿ ತೊಂಬತ್ತು ಕಿಲೋಮೀಟರ್ ದೂರದ ಪಟ್ಟಣದಲ್ಲಿ. ವ್ಯಾಪಾರಿಯ ಬಳಿ ಹತ್ತೊಂಬತ್ತು ವರ್ಷದ ಕಾರೊಂದಿತ್ತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಡುತ್ತಿದ್ದ. ಏಳೂವರೆಗೆ ಅವಳು ಯಂತ್ರದ ಪಕ್ಕದ ಹಾಸಿಗೆಯಲ್ಲಿರಬೇಕು. ಎಷ್ಟು ತಡವಾಯಿತೋ ಅಷ್ಟು ಹೊತ್ತು ಚಿಕಿತ್ಸೆಯಲ್ಲಿ ಕಡಿತ. ಅದೇ ಹಾಸಿಗೆಗೆ ಮತ್ತೊಬ್ಬ ರೋಗಿ ಕಾದಿರುತ್ತಿದ್ದ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹಾಗೆ ಕಾರಿಗೆ ಒಂದು ರೋಗ ಬಂತು. ಎಪ್ಪತ್ತರವರೆಗೆ ಏನೂ ಇಲ್ಲ. ವೇಗದ ಮುಳ್ಳು ಎಂಬತ್ತನ್ನು ಮುಟ್ಟಿತೆಂದರೆ ಇಡೀ ಕಾರು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಮೊದಲ ಸಲ ಹಾಗಾದಾಗ ವ್ಯಾಪಾರಿಯ ಜೀವ ಬಾಯಿಗೆ ಬಂತು. ತಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದ. ನಡುಕ ನಿಂತಿತು. ಕನ್ನಡಿಯಲ್ಲಿ ಹಿಂದೆ ನೋಡಿದ. ನೀಲಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ಸದ್ಯ, ಇವಳಿಗೆ ಗೊತ್ತಾಗಲಿಲ್ಲ ಎಂದುಕೊಂಡ.

ಅವನು ಅವಳಿಗೆ ಹೇಳಲಿಲ್ಲ. ಕಾಯಿಲೆಯಿಂದ ಅವಳು ಮೊದಲೇ ಹಣ್ಣಾಗಿದ್ದಳು. ಇದೊಂದು ಚಿಂತೆ ಬೇರೆ ಏಕೆ? ಅಂದಿನಿಂದ ಅವನ ಕಣ್ಣು ರಸ್ತೆಯ ಮೇಲಿದ್ದದ್ದಕ್ಕಿಂತ ಮುಳ್ಳಿನ ಮೇಲಿದ್ದದ್ದೇ ಹೆಚ್ಚು. ಮೊದಲು ಎಪ್ಪತ್ತಕ್ಕೆ ಇಳಿಸಿದ. ಆಮೇಲೆ ಎಪ್ಪತ್ತಕ್ಕೂ ಭಯವಾಗತೊಡಗಿತು. ಅರವತ್ತಕ್ಕೆ ಬಂದ. ಕೊನೆಗೆ ಐವತ್ತಕ್ಕೆ. ಲಾರಿಗಳು ಹಾರ್ನ್ ಹೊಡೆದು ಅವನನ್ನು ದಾಟಿ ಹೋಗುತ್ತಿದ್ದವು. ಯಾಕಿಷ್ಟು ನಿಧಾನ ಎಂದು ನೀಲಮ್ಮ ಒಮ್ಮೆ ಕೇಳಿದಳು. “ಲಾರಿಗಳ ಕಾಟ” ಎಂದ. ಅವಳು “ಹೂಂ” ಎಂದಳು.

ಕಾರನ್ನು ಅವನು ಸುಮ್ಮನೆ ಬಿಟ್ಟಿರಲಿಲ್ಲ. ಊರಿನ ಟೈರ್ ಅಂಗಡಿಗೆ ಹೋಗಿ, ಮುಂದಿನ ಎರಡು ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡಿ ಎಂದ. ಮಾಡಿದರು. ಇನ್ನೊಂದು ಕಡೆ ಹೋಗಿ, ಅಲೈನ್‌ಮೆಂಟ್ ನೋಡಿ ಎಂದ. ನೋಡಿದರು. ಮತ್ತೊಂದು ಗ್ಯಾರೇಜಿನಲ್ಲಿ ಸ್ಟೇರಿಂಗಿನ ಸಾಮಾನು ಬದಲಿಸಿ ಎಂದ. ಬದಲಿಸಿದರು. ಊರೊಳಗಿನ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಏನೂ ತೊಂದರೆ ಇಲ್ಲ ಎಂದು ಕೀಲಿ ಕೈಗಿಟ್ಟರು. ಹೆದ್ದಾರಿಗೆ ಬಂದು ಎಂಬತ್ತು ಮುಟ್ಟಿದರೆ ಮತ್ತೆ ಅದೇ ನಡುಕ.

ಇತ್ತ ಆಸ್ಪತ್ರೆಗೆ ಪ್ರತಿ ಸಲವೂ ಅರ್ಧ ಗಂಟೆ ತಡವಾಗುತ್ತಿತ್ತು. ನೀಲಮ್ಮನ ಪಾದಗಳು ಊದಿಕೊಂಡವು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೆಳಗಿನ ಜಾವಕ್ಕಷ್ಟೇ ಕಣ್ಣು ಹತ್ತುತ್ತಿತ್ತು. ಅವಳನ್ನು ಆರಕ್ಕಿಂತ ಮೊದಲು ಎಬ್ಬಿಸಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಒಂದು ಬುಧವಾರ ನರ್ಸ್ ಅವನನ್ನು ಪಕ್ಕಕ್ಕೆ ಕರೆದು, “ಅಮ್ಮನ ಮೈಯಲ್ಲಿ ನೀರು ಉಳಿದುಬಿಡುತ್ತಿದೆ. ಹೀಗೆ ತಡ ಮಾಡಿದರೆ ಕಷ್ಟ” ಎಂದಳು. ವೇಗವಾಗಿ ಹೋದರೆ ದಾರಿಯಲ್ಲಿ ಏನಾಗುತ್ತದೋ ಎಂಬ ಭಯ. ನಿಧಾನ ಹೋದರೆ ಅವಳು ಉಳಿಯುತ್ತಾಳೋ ಇಲ್ಲವೋ ಎಂಬ ಭಯ. ಅವನಿಗೆ ಅನ್ನ ಸೇರದಾಯಿತು.

ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯಿಂದ ಹಿಂದಿರುಗುವಾಗ ಹೆದ್ದಾರಿಯ ಬದಿಯಲ್ಲಿ ತಗಡಿನ ಶೆಡ್ಡಿನ ಒಂದು ಗ್ಯಾರೇಜು ಕಂಡಿತು. ವ್ಯಾಪಾರಿ ಕಾರು ನಿಲ್ಲಿಸಿದ. ಒಳಗೆ ದಸ್ತಗೀರ್ ಎಂಬ ವಯಸ್ಸಾದ ಮೇಸ್ತ್ರಿ ಇದ್ದ.

“ಮುಂದಿನ ಚಕ್ರದ ಬೇರಿಂಗ್ ಬದಲಿಸಬೇಕು” ಎಂದ ವ್ಯಾಪಾರಿ.

ಮೇಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. “ಏನು ಬದಲಿಸಬೇಕೆಂದು ಆಮೇಲೆ ನೋಡೋಣ ಸಾಹುಕಾರರೇ. ಏನಾಗುತ್ತದೆ, ಅದನ್ನು ಹೇಳಿ.”

ವ್ಯಾಪಾರಿ ಕಾರಿನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. “ಎಂಬತ್ತಕ್ಕೆ ನಡುಗುತ್ತದೆ.”

“ನಡುಕ ಸ್ಟೇರಿಂಗ್ ಹಿಡಿದ ಕೈಗೋ, ಕೂತ ಜಾಗಕ್ಕೋ?”

ವ್ಯಾಪಾರಿಗೆ ಗೊತ್ತಿರಲಿಲ್ಲ.

“ಬ್ರೇಕ್ ಒತ್ತಿದಾಗಲೋ, ಸುಮ್ಮನೆ ಹೋಗುವಾಗಲೋ? ತೊಂಬತ್ತಕ್ಕೆ ಹೋದರೆ ಹೆಚ್ಚುತ್ತದೋ, ಇಳಿಯುತ್ತದೋ?”

“ನಡುಗಿದ ಕೂಡಲೇ ಕಾಲು ತೆಗೆದುಬಿಡುತ್ತೇನೆ” ಎಂದ ವ್ಯಾಪಾರಿ. ಎರಡು ತಿಂಗಳಿಂದ ಹಗಲಿರುಳು ಅದನ್ನೇ ಧ್ಯಾನಿಸಿದ್ದ. ಆದರೆ ಅದರ ಬಗ್ಗೆ ಒಂದು ಪ್ರಶ್ನೆಗೂ ಅವನ ಬಳಿ ಉತ್ತರವಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ಆಗ ತೆರೆದ ಕಿಟಕಿಯಿಂದ ನೀಲಮ್ಮನ ದನಿ ಬಂತು. “ಕೈಗಲ್ಲ ಮೇಸ್ತ್ರಿಗಳೇ. ಹಿಂದೆ, ನನ್ನ ತಲೆಯ ಕೆಳಗೆ, ಎಡಗಡೆ. ಊರೊಳಗೆ ನಿಧಾನ ಹೋಗುವಾಗ ಕುಂಟಿದ ಹಾಗಾಗುತ್ತದೆ. ವೇಗ ಹೆಚ್ಚಿದ ಹಾಗೆ ಆ ಕುಂಟಾಟವೆಲ್ಲ ಸೇರಿ ನಡುಕವಾಗುತ್ತದೆ. ಬ್ರೇಕ್ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಬೆಳಿಗ್ಗೆ ಹೋಗುವಾಗಿನದಕ್ಕಿಂತ ಬಿಸಿಲಲ್ಲಿ ಬರುವಾಗ ಜಾಸ್ತಿ.”

ವ್ಯಾಪಾರಿ ಕಿಟಕಿಯ ಬಳಿಗೆ ಬಂದ. “ನಿನಗೆ ಯಾವಾಗಿನಿಂದ ಗೊತ್ತು?”

“ಮೊದಲ ದಿನದಿಂದ.”

“ಹೇಳಬಾರದಿತ್ತೇ?”

“ನೀವು ಲಾರಿ ಎಂದಿರಿ. ನನಗೆ ಗೊತ್ತಿದೆ ಅಂದರೆ ನೀವು ಇನ್ನಷ್ಟು ಹೆದರುತ್ತೀರಿ ಅಂತ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ.”

ನೀಲಮ್ಮನನ್ನು ಇಳಿಸಿ ನೆರಳಿನಲ್ಲಿ ಕೂರಿಸಿದರು. ಮೇಸ್ತ್ರಿ ಜಾಕ್ ಹಾಕಿ ಹಿಂದಿನ ಎಡಚಕ್ರವನ್ನು ಎತ್ತಿದ. ಹೊರಗಿನಿಂದ ಟೈರು ಚೆನ್ನಾಗಿಯೇ ಇತ್ತು. ಚಕ್ರ ಬಿಚ್ಚಿ ಒಳಮಗ್ಗುಲು ತಿರುಗಿಸಿದ. ಅಲ್ಲಿ ಅಂಗೈಯಗಲ ಒಂದು ಉಬ್ಬು ಇತ್ತು. ರಬ್ಬರಿನೊಳಗಿನ ತಂತಿಯ ಪದರ ಬಿಟ್ಟುಕೊಂಡಿತ್ತು. ಮೇಸ್ತ್ರಿ ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿದ.

“ಇದು ಐವತ್ತರಲ್ಲಿ ಹೋದರೂ ಒಡೆಯುವ ಟೈರು” ಎಂದ. “ನಿಮಗೆ ಎಂಬತ್ತರಲ್ಲಿ ಗೊತ್ತಾಯಿತು. ಅಮ್ಮನಿಗೆ ಇಪ್ಪತ್ತರಲ್ಲೇ ಗೊತ್ತಾಗಿದೆ.”

ವ್ಯಾಪಾರಿ ಟೈರಿನ ಪಕ್ಕದಲ್ಲೇ ನೆಲಕ್ಕೆ ಕುಳಿತ.

ಟೈರು ಬದಲಾಯಿತು. ಕಾರು ಹೆದ್ದಾರಿಗೆ ಬಂತು. ಅರವತ್ತು ದಾಟಿತು, ಎಪ್ಪತ್ತು ದಾಟಿತು. ಎಂಬತ್ತು ಮುಟ್ಟಿದಾಗ ಏನೂ ಆಗಲಿಲ್ಲ. ಆದರೂ ವ್ಯಾಪಾರಿಯ ಕಾಲು ತಾನಾಗಿ ಮೇಲೆದ್ದಿತು.

“ಹೋಗಿ, ನಾನು ಕೇಳಿಸಿಕೊಳ್ಳುತ್ತಿದ್ದೇನೆ” ಎಂದಳು ನೀಲಮ್ಮ.

ಅವನು ಹೋದ. ಸ್ವಲ್ಪ ದೂರ ಸಾಗಿದ ಮೇಲೆ, “ಇನ್ನೇನಾದರೂ ಮುಚ್ಚಿಟ್ಟಿದ್ದೀಯಾ?” ಎಂದು ಕೇಳಿದ.

ಅವಳು ಹೇಳಿದಳು. ಡಯಾಲಿಸಿಸ್ ಸೂಜಿಗೆಂದು ಅವಳ ಎಡಗೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ರಕ್ತನಾಳ ಜೋಡಿಸಿದ್ದರು. ಆ ಜಾಗದಲ್ಲಿ ಚರ್ಮದ ಕೆಳಗೆ ಸದಾ ಒಂದು ಝುಮ್ಮೆನ್ನುವ ಕಂಪನ ಇರಬೇಕು; ಇದ್ದರೇನೇ ರಕ್ತ ಸರಿಯಾಗಿ ಹರಿಯುತ್ತಿದೆ ಎಂದರ್ಥ. ವಾರದಿಂದ ಆ ಕಂಪನ ಕ್ಷೀಣವಾಗುತ್ತ ಬಂದಿತ್ತು. ತಡವಾಗಿ ಬಂದ ಅವಸರದಲ್ಲಿ ನರ್ಸ್ ಅದನ್ನು ಗಮನಿಸಿರಲಿಲ್ಲ. ಕಾರಿನ ಚಿಂತೆಯಲ್ಲಿರುವವನಿಗೆ ಇದನ್ನೂ ಹೇಗೆ ಹೇಳುವುದೆಂದು ಅವಳು ಯಾರಿಗೂ ಹೇಳಿರಲಿಲ್ಲ.

ವ್ಯಾಪಾರಿ ಮುಂದಿನ ತಿರುವಿನಲ್ಲಿ ಕಾರನ್ನು ಮತ್ತೆ ಪಟ್ಟಣದ ಕಡೆಗೆ ತಿರುಗಿಸಿದ. ಎಂಬತ್ತರಲ್ಲೇ ಹೋದ. ವೈದ್ಯರು ಕೈ ನೋಡಿ, ಅಂದು ಸಂಜೆಯೇ ಕಟ್ಟಿಕೊಳ್ಳುತ್ತಿದ್ದ ರಕ್ತನಾಳವನ್ನು ಬಿಡಿಸಿದರು. ಸೂಜಿ ಹಾಕುವ ಆ ಜಾಗ ಉಳಿಯಿತು.

ಗುರುಗಳು ಕತೆ ಮುಗಿಸಿದರು.

“ಆದರೂ ಗುರುಗಳೇ, ಅವರಿಬ್ಬರೂ ಒಬ್ಬರಿಗೊಬ್ಬರು ಒಳ್ಳೆಯದನ್ನೇ ಬಯಸಿದ್ದರಲ್ಲವೇ?” ಎಂದ ಶಿಷ್ಯ.

ಗುರುಗಳು ಹೇಳಿದರು: “ನಿನ್ನ ಅಂಜಿಕೆ ಯಾರಿಗೆ ಗೊತ್ತಿಲ್ಲವೆಂದು ನೀನು ತಿಳಿದಿದ್ದೀಯೆ?”