ಗೆದ್ದ ಕುದುರೆಯ ಮೇಕೆ

"ಗುರುಗಳೇ, ನಿನ್ನೆ ಮನೆಮಂದಿಯೆಲ್ಲ ಸೇರಿ ಓಟದ ಕುದುರೆಯೊಂದರ ಸಿನಿಮಾ ನೋಡಿದೆವು," ಎಂದ ಶಿಷ್ಯ, ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು. "ಕುದುರೆ ಗೆದ್ದಿತು, ಎಲ್ಲರೂ ಅತ್ತರು, ಮುಗಿದೇ ಹೋಯಿತು. ಗೆದ್ದ ಮೇಲೆ ಏನಾಗುತ್ತದೆ?"

"ನನ್ನನ್ನು ಕೇಳು. ಈ ಸೀಮೆಯಲ್ಲಿ ಗೆದ್ದ ಕುದುರೆಗಳಿಗೆಲ್ಲ ಓಟ ಕಲಿಸಿದವನು ನಾನೇ," ಎಂದರು ಗುರುಗಳು. ಶಿಷ್ಯ ನೆಟ್ಟಗೆ ಕುಳಿತ. ಗುರುಗಳು ನಕ್ಕುಬಿಟ್ಟರು. "ಸುಳ್ಳು. ನಾನು ಕುದುರೆ ಹತ್ತಿದ್ದು ಒಂದೇ ಸಲ, ಅದೂ ಇನ್ನೊಬ್ಬರ ಮದುವೆಯಲ್ಲಿ. ಮದುಮಗ ಬರುವಷ್ಟರಲ್ಲಿ ಇಳಿಸಿಬಿಟ್ಟರು. ಕತೆ ಮಾತ್ರ ಕೇಳು."

ಒಬ್ಬ ವರ್ತಕನ ಬಳಿ ಓಟದ ಕುದುರೆ ಇತ್ತು. ಅದಕ್ಕೆ ವೇಗವಿತ್ತು, ನೆಮ್ಮದಿ ಇರಲಿಲ್ಲ. ಹುಲ್ಲು ಮುಟ್ಟದೆ ಲಾಯದ ಗೋಡೆಗೆ ಒದೆಯುತ್ತಿತ್ತು. ಅದನ್ನು ನೋಡಿಕೊಳ್ಳುವ ಮುದುಕ ಒಂದು ಕುಂಟ ಮೇಕೆಯನ್ನು ತಂದು ಪಕ್ಕದಲ್ಲಿ ಕಟ್ಟಿದ. ಅಂದೇ ಕುದುರೆ ಹುಲ್ಲಿಗೆ ಬಾಯಿ ಹಾಕಿತು. ಅಲ್ಲಿಂದ ಮುಂದೆ ಕುದುರೆ ಯಾವ ಊರಿಗೆ ಓಡಲು ಹೋದರೂ ಅದೇ ಲಾರಿಯಲ್ಲಿ ಮೇಕೆಯೂ ಹೋಗುತ್ತಿತ್ತು.

ಒಂದು ವರ್ಷ ಕುದುರೆ ಎಲ್ಲಕ್ಕಿಂತ ದೊಡ್ಡ ಪಂದ್ಯ ಗೆದ್ದಿತು. ವರ್ತಕ ಊಟ ಹಾಕಿಸಿದ. ಕರೆದವರಿಗಿಂತ ಕರೆಯದವರೇ ಹೆಚ್ಚು ಬಂದರು. ಮಾಂಸ ಸಾಲದು ಎಂದು ಅಡುಗೆಯವನು ಬಂದು ನಿಂತ. ಅತಿಥಿಗಳಲ್ಲಿ ಎಲ್ಲರನ್ನೂ ನಗಿಸುವವನೊಬ್ಬನಿದ್ದ.

"ಲಾಯದಲ್ಲಿ ಒಬ್ಬರು ಒಂದು ಹೆಜ್ಜೆಯೂ ಓಡದೆ ವರ್ಷಗಟ್ಟಲೆ ಕೂತು ತಿಂದಿದ್ದಾರಲ್ಲ ಯಜಮಾನರೇ," ಎಂದ.

ಪಂಕ್ತಿಯೆಲ್ಲ ನಕ್ಕಿತು. ವರ್ತಕನೂ ನಕ್ಕ. ನಗುತ್ತಲೇ ಅಡುಗೆಯವನಿಗೆ ತಲೆಯಾಡಿಸಿದ.

ಮುದುಕ ಕೆರೆಯಲ್ಲಿ ಕುದುರೆಯ ಮೈ ತೊಳೆದು ಹಿಂದಿರುಗಿದಾಗ ಗೂಟದಲ್ಲಿ ಹಗ್ಗ ಮಾತ್ರ ಇತ್ತು.

"ಮೇಕೆ ತಾನೇ, ಹತ್ತು ತರಿಸೋಣ ಬಿಡು," ಎಂದ ವರ್ತಕ.

"ತರಿಸಿ ಬುದ್ಧಿ. ಯಾವುದು ಸರಿಹೋಯಿತು ಅಂತ ಕುದುರೆಯನ್ನೇ ಕೇಳಿ," ಎಂದ ಮುದುಕ.

ಹತ್ತೂ ಬಂದವು. ಕುದುರೆ ಒಂದೊಂದನ್ನೇ ಮೂಸಿ ಮುಖ ತಿರುಗಿಸಿತು. ಮುಂದಿನ ಪಂದ್ಯದಲ್ಲಿ ಗೇಟು ತೆರೆದರೂ ಹೊರಡಲಿಲ್ಲ; ಕತ್ತು ಹೊರಳಿಸಿ ಹಿಂದೆ ನೋಡುತ್ತ ನಿಂತಿತು. ಆಮೇಲೆ ಹುಲ್ಲನ್ನೂ ಬಿಟ್ಟಿತು. ವರ್ತಕ ದಿನವೂ ಹೋಗಿ, ಮೇಕೆ ಮಲಗುತ್ತಿದ್ದ ಜಾಗದಲ್ಲಿ ಗೋಣಿಚೀಲ ಹಾಸಿಕೊಂಡು ಕೂತ. "ಒಂದು ಸಲ ನನ್ನ ಕಡೆ ನೋಡೋ," ಎಂದು ಬೇಡಿದ. ಕುದುರೆ ಗೋಡೆಯ ಕಡೆಗೇ ಮುಖ ಮಾಡಿ ನಿಂತಿತು. ಮಳೆ ಹಿಡಿಯುವ ಮೊದಲೇ ಸತ್ತಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬೆಂಚಿನ ಮೇಲೆ ಮುಂದಕ್ಕೆ ಸರಿದ.

"ವರ್ತಕನಿಗೆ ತಕ್ಕದ್ದಾಯಿತು. ಆದರೆ ಆ ಮಾತು ಆಡಿ ನಗಿಸಿದವನು? ಅವನು ಏನಾದ?"

ಗುರುಗಳು ತಮ್ಮ ಖಾಲಿ ಲೋಟವನ್ನು ಶಿಷ್ಯನ ಮುಂದೆ ಸರಿಸಿದರು. "ಇವತ್ತಿಗೂ ನಗಿಸುತ್ತಲೇ ಇದ್ದಾನೆ, ಅವನ ಚಹಾದ ದುಡ್ಡು ನೀನೇ ಕೊಡಪ್ಪ."